ಮೂವತ್ತೊಂದನೇ ನಂಬರಿನ ಕೊಳವೆಗಳು

12 ಜನವರಿ 2006

ಪುಟ್ಟೀ,

ಈ ಕಾಗದದ ಜೊತೆಗೇ ನಾಲ್ಕು ರಟ್ಟಿನ ಪೆಟ್ಟಿಗೆಗಳು ಬಂದಿರುತ್ತವೆ. ಇನ್ನು ಮುಂದೆ ಪೆಟ್ಟಿಗೆಯೊಳಗೇ ಬರೆದು ಹಾಕುತ್ತೇನೆ, ನೀನೂ ಹಾಗೇ ಮಾಡು. ನಿನ್ನ ಕ್ಲಿನಿಕ್ಕಿನಲ್ಲಿ ಫೋನಿನ ಮಾತೆಲ್ಲ ಕೆಳಗಿನ ಟೈರ್ ಅಂಗಡಿಯವನಿಗೆ ಕೇಳಿಸುತ್ತದೆ. ಇಲ್ಲಿ ಫೋನಿನ ಪಕ್ಕದಲ್ಲಿ ನಮ್ಮ ನಿರ್ದೇಶಕ ಕೂತಿರುತ್ತಾನೆ. ಆ ಮನುಷ್ಯನಿಗೆ ತೊಗಟೆಗೂ ಬೇರಿಗೂ ವ್ಯತ್ಯಾಸ ಗೊತ್ತಿಲ್ಲ, ಆದರೂ ಪತ್ರಿಕೆಯವರು ಬಂದರೆ "ನಮ್ಮ ತೊಗಟೆ" ಅಂತ ಎದೆ ಉಬ್ಬಿಸುತ್ತಾನೆ. ಹನ್ನೆರಡು ವರ್ಷ ಅದನ್ನು ಕುಟ್ಟಿ, ನೆನೆಸಿ, ಸೋಸಿ ಕೈ ಕಪ್ಪು ಮಾಡಿಕೊಂಡವಳು ನಾನು.

ಕೆಲಸದ ಮಾತು ಕೇಳು. ಅರವತ್ತು ಹೆಂಗಸರು, ಅರವತ್ತು ನಂಬರು. ಒಬ್ಬೊಬ್ಬಳಿಗೆ ಅವಳ ನಂಬರಿನ ಕೊಳವೆಗಳ ಡಬ್ಬಿ. ಅರ್ಧ ಡಬ್ಬಿಗಳಲ್ಲಿ ಎಚ್‌ಐವಿ ತಡೆಯಲೆಂದು ತೊಗಟೆಯ ಸಾರ ಬೆರೆಸಿದ ಜೆಲ್, ಇನ್ನರ್ಧದಲ್ಲಿ ಬರೀ ಬಣ್ಣದ ಜೆಲ್. ಯಾರಿಗೆ ಯಾವುದು ಎಂದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಾಗಬಾರದು. ಪಟ್ಟಿ ಮೊಹರು ಹಾಕಿದ ಲಕೋಟೆಗಳಲ್ಲಿದೆ. ಗಂಡನ ಜೊತೆ ಸೇರುವ ಮುಂಚೆ ಒಂದು ಕೊಳವೆ ಜೆಲ್ ಒಳಗೆ ಹಾಕಿಕೊಳ್ಳಬೇಕು, ಖಾಲಿ ಕೊಳವೆ ವಾಪಸ್ಸು ತರಬೇಕು. ಕಾಂಡೋಮ್ ಬಳಸಿ ಅಂತ ಪ್ರತಿ ಸಲವೂ ಹೇಳು, ಅದು ನಿಯಮ. ಮೂರು ತಿಂಗಳಿಗೊಮ್ಮೆ ರಕ್ತ ತೆಗೆದು ಕಳಿಸು.

ಒಂದು ಗುಟ್ಟು. ವಾಪಸ್ಸು ಬಂದ ಕೊಳವೆಗಳನ್ನು ನಾನು ಇಲ್ಲಿ ನೀಲಿ ಬಣ್ಣದಲ್ಲಿ ಅದ್ದುತ್ತೇನೆ. ಮೈಯೊಳಗೆ ಹೋಗಿ ಬಂದ ಕೊಳವೆ ನೀಲಿಗೆ ತಿರುಗುತ್ತದೆ, ಬಚ್ಚಲಿಗೆ ಹಿಂಡಿದ್ದು ಬೆಳ್ಳಗೇ ಉಳಿಯುತ್ತದೆ. ಇದನ್ನು ಆ ಹೆಂಗಸರಿಗೆ ಹೇಳಬೇಡ. ಸುಳ್ಳು ಹೇಳುವವರನ್ನು ಹಿಡಿಯಲು ಬೇರೆ ದಾರಿಯಿಲ್ಲ.

ನೆನಪಿದೆಯಾ, ಚಿಕ್ಕವರಿದ್ದಾಗ ನಾನು ಹಿತ್ತಿಲಿನ ಸೊಪ್ಪು ಅರೆದು ಲೋಟದಲ್ಲಿ ಇಟ್ಟಿದ್ದ ಔಷಧವನ್ನು ನೀನು ಕದ್ದು ಕುಡಿದು ತುಟಿ ಬೋಂಡದಷ್ಟು ಊದಿಸಿಕೊಂಡದ್ದು? ಆಗಲೂ ನನ್ನ ಪ್ರಯೋಗ ಹಾಳು ಮಾಡಿದವಳು ನೀನು. ಈ ಸಲ ಹಾಳು ಮಾಡಬೇಡ.

ನಿಮ್ಮೆಜಮಾನರಿಗೆ ನನ್ನ ನಮಸ್ಕಾರ. ಅವರು ಮಾಡಿಕೊಟ್ಟ ಕನ್ನಡಕ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ

3 ಫೆಬ್ರವರಿ 2006

ಅಕ್ಕಾ,

ಪೆಟ್ಟಿಗೆ ತಲುಪಿದವು. ಅರವತ್ತು ಜನ ಸೇರಿದ್ದಾರೆ. ಮೊದಲ ಎರಡು ವಾರದ ಕೊಳವೆಗಳು ಇದರ ಜೊತೆ ಇವೆ.

ನಿನಗೆ ಇಲ್ಲಿಯ ಬೆಂಚನ್ನು ತೋರಿಸಬೇಕು. ಮೆಟ್ಟಿಲು ಹತ್ತಿ ಬಂದರೆ ಮೊದಲು ಸಿಗುವುದು ಅದೇ. ಒಂದು ಕಾಲು ಗಿಡ್ಡ, ಕೆಳಗೆ ಟೈರಿನ ತುಂಡು ಕೊಟ್ಟಿದ್ದೇವೆ. ಅದರ ಮೇಲೆ ಕೂತವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಸಿಸ್ಟರ್, ಇದು ಕೆಲ್ಸ ಮಾಡುತ್ತಾ?" ಅದನ್ನ ತಿಳ್ಕೊಳ್ಳೋದಕ್ಕೇ ಇದೆಲ್ಲ ಮಾಡ್ತಿರೋದು ಅಂದರೆ ನನ್ನ ಮುಖ ನೋಡುತ್ತಾರೆ. ಒಬ್ಬಳು, "ಹಂಗಾದ್ರೆ ನಿಮ್ಗೂ ಗೊತ್ತಿಲ್ಲ ಅನ್ನಿ" ಅಂದು ಡಬ್ಬಿ ಚೀಲಕ್ಕೆ ಹಾಕಿಕೊಂಡಳು.

ಜೆಲ್ ಚಹಾದ ಕರೆಯಂತೆ ಬಟ್ಟೆಗೆ ಅಂಟುತ್ತದೆ ಎಂದು ಎಲ್ಲರೂ ಗೊಣಗುತ್ತಾರೆ. ನಂಬರ್ ಮೂವತ್ತೊಂದು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. "ನನ್ನ ಗಂಡ ಮನೇಲಿರೋದೇ ತಿಂಗಳಿಗೆ ಎರಡು ದಿನ, ಇಷ್ಟೊಂದು ತಗೊಂಡು ಏನ್ ಮಾಡ್ಲಿ, ಮಷೀನಿಗೆ ಹಾಕ್ಲಾ?" ಅನ್ನುತ್ತಾಳೆ. ಅವಳಿಗೆ ಬೇಕಾಗಿರುವುದು ಪುಕ್ಕಟೆ ತಪಾಸಣೆ ಮತ್ತು ನಾವು ಕೊಡುವ ಸೋಪು. ಅದನ್ನು ಮುಚ್ಚಿಡುವುದೂ ಇಲ್ಲ.

ಇನ್ನೊಬ್ಬಳು ಕೇಳಿದ ಪ್ರಶ್ನೆಯನ್ನು ನಿನಗೇ ಕಳಿಸುತ್ತಿದ್ದೇನೆ. ಅವಳ ಗಂಡನಿಗೆ ಎಚ್‌ಐವಿ ಇದೆ. ಅವನು ಕಾಂಡೋಮ್ ಮುಟ್ಟುವುದಿಲ್ಲ. ಬೇಡ ಅಂದರೂ ಬಿಡುವುದಿಲ್ಲ. ಅವಳಿಗೆ ಈ ಜೆಲ್ ಒಂದನ್ನೇ ನಂಬಬಹುದಾ? ಹೌದು, ಇಲ್ಲ, ಎರಡರಲ್ಲಿ ಒಂದು ಬರೆ.

ಪುಟ್ಟಿ

20 ಫೆಬ್ರವರಿ 2006

ಪುಟ್ಟೀ,

ನಿನ್ನ ಅರವತ್ತು ಸತ್ಯವತಿಯರ ಕೊಳವೆಗಳನ್ನು ಅದ್ದಿ ನೋಡಿದೆ. ಐವತ್ತೆರಡು ಜನರದ್ದು ಹಾಲಿನ ಬಿಳಿ! ಆದರೆ ನೀನು ತುಂಬಿ ಕಳಿಸಿದ ಹಾಳೆಗಳಲ್ಲಿ ಐವತ್ತೆರಡು ಜನರೂ "ಹೌದು, ಪ್ರತಿ ಸಲ" ಅಂದಿದ್ದಾರೆ. ಏನು ಮಾಡಿದರು ಅದನ್ನು? ಹಿಮ್ಮಡಿಗೆ ಹಚ್ಚಿಕೊಂಡರಾ? ಇವರಿಗಾಗಿ ನಾನು ಹನ್ನೆರಡು ವರ್ಷ ಮದುವೆ, ಮನೆ, ನಿದ್ದೆ ಎಲ್ಲ ಬಿಟ್ಟು ಕೂತೆ. ಕೈಗೆ ಕೊಟ್ಟರೂ ಬಳಸುವ ಯೋಗ್ಯತೆ ಇಲ್ಲ.

ಇತ್ತ ಸಂತೆಯಲ್ಲಿ ಬೇರು ಮಾರುವ ಒಬ್ಬ, ಕಾಯಿಲೆಯನ್ನು ನಲವತ್ತು ದಿನದಲ್ಲಿ ಓಡಿಸುತ್ತೇನೆ ಅಂತ ಬೋರ್ಡು ಹಾಕಿಕೊಂಡಿದ್ದಾನಂತೆ. ಅವನ ಪುಡಿಯನ್ನು ತರಿಸಿ ನೋಡಿದೆ. ಮಣ್ಣು, ಮಸಿ, ಒಂದಿಷ್ಟು ಸಕ್ಕರೆ. ಆದರೆ ಅವನ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ, ನನ್ನ ಜೆಲ್ಲನ್ನು ಬಚ್ಚಲಿಗೆ ಸುರಿಯುತ್ತಾರೆ. ನನ್ನನ್ನೂ ಅವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರಲ್ಲ, ಅದಕ್ಕೆ ಮೈ ಉರಿಯುತ್ತದೆ.

ನಿನ್ನ ಆ ಹೆಂಗಸಿನ ಪ್ರಶ್ನೆ. ಗಂಡನಿಗೆ ಇದೆ ಅಂತ ತಿಳಿದೂ ತಿಳಿದೂ ಅವನ ಪಕ್ಕ ಮಲಗುವವಳಿಗೆ ಜೆಲ್ ಅಲ್ಲ ಬೇಕಾದದ್ದು, ತಲೆಗೆ ಎರಡು ಬಿಗಿಯಬೇಕು. ಅಂಥವರ ಮೇಲೆ ನನಗೆ ಕನಿಕರ ಹುಟ್ಟುವುದೇ ಇಲ್ಲ. ಎದ್ದು ಹೊರಗೆ ಬರಲು ಕಾಲಿಲ್ಲವಾ? ಆದರೂ ಕೇಳಿದ್ದೀಯ, ಹೇಳುತ್ತೇನೆ. ನನ್ನ ಗಾಜಿನ ತಟ್ಟೆಯಲ್ಲಿ ತೊಗಟೆಯ ಸಾರ ಬಿದ್ದ ಕಡೆ ಒಂದು ವೈರಸ್ಸೂ ಉಳಿಯಲಿಲ್ಲ. ಒಂದೇ ಒಂದು! ಅಂಥ ತಟ್ಟೆಗಳನ್ನು ನೂರು ನೋಡಿದ್ದೇನೆ. ಇದಕ್ಕಿಂತ ದೊಡ್ಡ ಹೌದು ಯಾರ ಬಾಯಿಂದ ಬೇಕು?

ನಿನ್ನಂಥ ಪುಣ್ಯವಂತೆಗೆ ಅಂಥ ಗಂಡಸರ ಸಂಗತಿ ಅರ್ಥವಾಗುವುದಿಲ್ಲ ಬಿಡು. ಅಂಗಡಿಯ ಬೋರ್ಡಿನ ಅಕ್ಷರ ಓದಿಸುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮರ್ಯಾದಸ್ಥ ನಿಮ್ಮೆಜಮಾನರು.

ಅಕ್ಕ

27 ಫೆಬ್ರವರಿ 2006

ಅಕ್ಕಾ,

ಈ ಕಾಗದವನ್ನು ಪೆಟ್ಟಿಗೆಗೆ ಹಾಕುವುದಿಲ್ಲ ಎಂದು ಬರೆಯುವ ಮುಂಚೆಯೇ ಗೊತ್ತು. ಆದರೂ ಬರೆಯುತ್ತೇನೆ, ಎಲ್ಲಾದರೂ ಒಂದು ಕಡೆ ಇರಲಿ.

ಆ ಹೆಂಗಸು ನಾನು.

ಡಿಸೆಂಬರಿನಲ್ಲಿ ಇವರು ವಿಮೆಗೆ ರಕ್ತ ಕೊಟ್ಟಿದ್ದರು. ರಿಪೋರ್ಟು ಬಂದದ್ದನ್ನು ಹೇಳಲಿಲ್ಲ. ಅಂಗಡಿಯಲ್ಲಿ ಗಾಜು ಒರೆಸುವ ಬಟ್ಟೆ ಹುಡುಕುವಾಗ ಫ್ರೇಮುಗಳ ಡ್ರಾಯರಿನಲ್ಲಿ ಸಿಕ್ಕಿತು. ಓದುವುದಕ್ಕೆ ನನಗೆ ಯಾರ ಸಹಾಯವೂ ಬೇಕಿರಲಿಲ್ಲ, ದಿನಕ್ಕೆ ಹತ್ತು ಅಂಥ ಹಾಳೆ ಓದುತ್ತೇನೆ. ಕೇಳಿದರೆ, "ಅದು ತಪ್ಪು ರಿಪೋರ್ಟು. ನಿನ್ನ ಕ್ಲಿನಿಕ್ಕಿನ ಮಾತನ್ನ ಮನೆಗೆ ತರ್ಬೇಡ" ಅಂದರು. ಕಾಂಡೋಮ್ ಅಂದರೆ, "ಹಾಗಾದ್ರೆ ನನಗೆ ಅದಿದೆ ಅಂತ ನೀನು ತೀರ್ಮಾನ ಮಾಡಿಬಿಟ್ಟೆ" ಅಂದರು. ಚಿಕಿತ್ಸೆಯ ಮಾತೆತ್ತಿದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತಾರೆ. ಬೇಡ ಅಂದ ಮೂರು ಸಲ ಏನಾಯಿತು ಎಂದು ಇಲ್ಲಿಯೂ ಬರೆಯಲಾರೆ.

ಈ ಪ್ರಯೋಗ ಶುರುವಾಗುವಾಗ ಎಲ್ಲ ಸಿಬ್ಬಂದಿಯ ರಕ್ತ ನೋಡಿದರು. ಜನವರಿಯಲ್ಲಿ ನನಗೆ ಏನೂ ಇರಲಿಲ್ಲ. ಅದನ್ನು ಹಾಗೇ ಉಳಿಸಿಕೊಳ್ಳಬೇಕು, ನನಗೆ ಬೇರೆ ಯಾವ ಆಸೆಯೂ ಇಲ್ಲ.

ಎದ್ದು ಹೊರಗೆ ಬರಲು ಕಾಲಿದೆ ಅಕ್ಕಾ. ಬಂದು ಎಲ್ಲಿಗೆ ಹೋಗಲಿ? ನಿನ್ನ ಮನೆಗಾ? ನಿನ್ನ ಕಾಗದ ಓದಿದ ಮೇಲೆ ಅದೊಂದು ಬಾಗಿಲು ಮುಚ್ಚಿತು. ಇಂಥವರನ್ನು ನೋಡಿ ನಿನಗೆ ಕನಿಕರ ಹುಟ್ಟುವುದಿಲ್ಲ ಅಂತ ನೀನೇ ಬರೆದಿದ್ದೀಯ.

ಗುಂಡಿ ಹೊಲಿಯುವವಳು ತನ್ನ ಕೊಳವೆಗಳನ್ನು ಹಾಗೇ ವಾಪಸ್ಸು ಇಟ್ಟಳು. "ಸುಳ್ಳು ಹೇಳೋಕೆ ನನ್ ಕೈಲಾಗಲ್ಲ ಸಿಸ್ಟರ್, ನೀವೇ ಇಟ್ಕೊಳ್ಳಿ. ಸೋಪು ಮಾತ್ರ ಕೊಡಿ." ನಾನು ಇಟ್ಟುಕೊಂಡೆ. ಅದು ಸಾರ ಇರುವ ಡಬ್ಬಿಯೋ ಬರೀ ಬಣ್ಣದ್ದೋ ಗೊತ್ತಿಲ್ಲ. ನಿನ್ನ ನೂರು ತಟ್ಟೆಗಳನ್ನು ನಂಬಿದ್ದೇನೆ.

ಇನ್ನೊಂದು. ಆ ಸೊಪ್ಪಿನ ಲೋಟವನ್ನು ನಾನು ಕದಿಯಲಿಲ್ಲ. ನೀನೇ ನನ್ನ ಕೈಗೆ ಕೊಟ್ಟು "ಮೊದ್ಲು ನೀನು ಕುಡಿ, ಆಮೇಲೆ ನಾನು" ಅಂದೆ.

ಪುಟ್ಟಿ

28 ಫೆಬ್ರವರಿ 2006

ಅಕ್ಕಾ,

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಉತ್ತರವನ್ನು ಆ ಹೆಂಗಸಿಗೆ ಹೇಳಿದೆ. ಕೊಳವೆಗಳನ್ನು ಇನ್ನು ಮುಂದೆ ಎಚ್ಚರದಿಂದ ನೋಡಿ ಕಳಿಸುತ್ತೇನೆ. ಇವರು ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದರು. ಕನ್ನಡಕದ ಕಡ್ಡಿ ಸಡಿಲವಾದರೆ ಕಳಿಸಬೇಕಂತೆ.

ಪುಟ್ಟಿ

15 ಏಪ್ರಿಲ್ 2006

ಪುಟ್ಟೀ,

ಸಿಕ್ಕಳು ಒಬ್ಬಳು! ಮೂವತ್ತೊಂದು!

ಅವಳ ಕೊಳವೆಗಳನ್ನು ಅದ್ದಿದೆ. ಒಂದು ನೀಲಿ, ಎರಡು ನೀಲಿ, ಹದಿನೇಳೂ ನೀಲಿ. ಒಂದೇ ಒಂದು ಬಿಳಿ ಇಲ್ಲ. ಬೇರೆ ಹದಿನಾಲ್ಕು ಜನ ಈಗೀಗ ಅಲ್ಲೊಂದು ಇಲ್ಲೊಂದು ನೀಲಿ ತೋರಿಸುತ್ತಿದ್ದಾರೆ, ಉಳಿದವರು ಅದೇ ಬಚ್ಚಲಿನ ಗಿರಾಕಿಗಳು. ಆದರೆ ಈ ಗುಂಡಿಯವಳು ಚಿನ್ನ. ಮೂರು ತಿಂಗಳ ರಕ್ತ ನೋಡಿದೆ, ಏನೂ ಇಲ್ಲ, ಶುದ್ಧ. ಗಂಡಸರನ್ನು ಕೇಳಿ ಬರೆದುಕೊಂಡ ನಿನ್ನ ಹಾಳೆಯಲ್ಲಿ ಅವಳ ಗಂಡನ ಬಗ್ಗೆ "ಪರೀಕ್ಷೆಗೆ ಬರಲಿಲ್ಲ" ಎಂದಿದೆ. ತಿಂಗಳಿಗೆ ಎರಡು ದಿನ ಬರುವ ಗಂಡನಿಗೆ ಹದಿನೇಳು ಕೊಳವೆ ಹೇಗೆ ಖರ್ಚಾದವು ಎಂದು ನಮ್ಮ ಅಂಕಿಅಂಶದವನು ಹಲ್ಲು ಕಿರಿದ. ಅವಳ ಗೆಳೆಯರ ಲೆಕ್ಕ ನಮಗೇಕೆ? ಜೆಲ್ ಒಳಗೆ ಹೋಗುತ್ತಿದೆ, ಕಾಯಿಲೆ ಬಂದಿಲ್ಲ, ಅಷ್ಟು ಸಾಕು. ಆಗಸ್ಟಿನಲ್ಲಿ ನಡೆಯುವ ವಿಜ್ಞಾನಿಗಳ ದೊಡ್ಡ ಸಭೆಯಲ್ಲಿ ಅವಳೇ ನನ್ನ ಸಾಕ್ಷಿ.

ಅವಳಿಗೆ ಹೇಳು, ಇನ್ನು ಮೇಲೆ ಎರಡೆರಡು ಸಲ ಹಾಕಿಕೊಳ್ಳಲಿ, ಮುಂಚೆ ಒಂದು, ಆಮೇಲೆ ಒಂದು. ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟ ಸಮಿತಿಯ ಕಾಗದದಲ್ಲಿ ಇದಿಲ್ಲ, ಬಾಯಲ್ಲಿ ಹೇಳಿದರೆ ಸಾಕು.

ಇಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವ ಮುದುಕ ಒಬ್ಬ ಇದ್ದಾನಲ್ಲ, ನಿವೃತ್ತಿಗೆ ಎರಡು ವರ್ಷ ಬಾಕಿ ಇರುವವನು. ಸಾರ ಹೆಚ್ಚಾದರೆ ತಟ್ಟೆಯಲ್ಲಿನ ಜೀವಕೋಶಗಳು ಸುಲಿದು ಬರುತ್ತವೆ ಅಂತ ಚೀಟಿ ಬರೆದು ನನ್ನ ಮೇಜಿನ ಮೇಲಿಟ್ಟಿದ್ದಾನೆ. ಸುಲಿದ ಚರ್ಮದಲ್ಲಿ ವೈರಸ್ ಒಳಗೆ ಹೋಗಲು ಇನ್ನೂ ಸಲೀಸು ಅಂತೆ! ಅವನ ಕಣ್ಣಿಗೆ ನಿಮ್ಮೆಜಮಾನರ ಕನ್ನಡಕ ಬೇಕು. ಗಾಜಿನ ತಟ್ಟೆಯ ಜೀವಕೋಶ ಬೇರೆ, ಬದುಕಿರುವ ಹೆಂಗಸು ಬೇರೆ. ಇಷ್ಟೂ ತಿಳಿಯದವರ ಜೊತೆ ನನ್ನ ಕೆಲಸ. ಚೀಟಿಯನ್ನು ಡ್ರಾಯರಿಗೆ ಹಾಕಿದೆ.

ಅಕ್ಕ

2 ಮೇ 2006

ಅಕ್ಕಾ,

ಮೂವತ್ತೊಂದಕ್ಕೆ ಹೇಳಿದೆ. ಎರಡೆರಡು ಸಲ ಹಾಕಿಕೊಳ್ಳುತ್ತಿದ್ದಾಳೆ.

ಆದರೆ ಹತ್ತು ದಿನದಿಂದ ಅವಳಿಗೆ ಉರಿ. ಕೂತರೆ ಉರಿ, ಮೂತ್ರಕ್ಕೆ ಹೋದರೆ ಉರಿ. ಎರಡು ಸಲ ಬಟ್ಟೆಯಲ್ಲಿ ರಕ್ತದ ಗೆರೆ ಕಂಡಿದೆ. ನೀನು ಬರೆದ ಆ ಮುದುಕರ ಚೀಟಿ ನೆನಪಾಯಿತು. ಅವರು ಹೇಳಿದ್ದು ನಿಜವಿರಬಹುದಾ? ಬಳಸುವುದನ್ನು ನಿಲ್ಲಿಸಬೇಕಾ ಎಂದು ಅವಳು ಕೇಳುತ್ತಾಳೆ. ಅವಳಿಗೆ ಬೇರೆ ದಾರಿ ಇಲ್ಲ, ಅದಕ್ಕೇ ನಿಲ್ಲಿಸಲು ಹೆದರುತ್ತಾಳೆ. ಬಳಸಲೂ ಹೆದರುತ್ತಾಳೆ. ಈ ಸಲ ಸರಿಯಾಗಿ ಯೋಚಿಸಿ ಬರೆ ಅಕ್ಕಾ, ಬೇಗ ಬರೆ.

ಇಂಥ ತೊಂದರೆ ಕಂಡರೆ ತುಂಬಬೇಕಾದ ಫಾರಂ ಇನ್ನೂ ತುಂಬಿಲ್ಲ. ಅದನ್ನು ನೇರವಾಗಿ ಸಮಿತಿಗೆ ಕಳಿಸಬೇಕು ಎಂದಿದೆ.

ಪುಟ್ಟಿ

19 ಮೇ 2006

ಪುಟ್ಟೀ,

ಫಾರಂ ತುಂಬಿ ಕಳಿಸಿಬಿಟ್ಟೀಯ ಅಂತ ಗಾಬರಿಯಾಯಿತು. ಕಳಿಸಬೇಡ. ಅವರಿಗೆ ಉರಿ ಅನ್ನುವ ಮಾತು ಕಣ್ಣಿಗೆ ಬಿದ್ದರೆ ಸಾಕು, ಪ್ರಯೋಗಕ್ಕೇ ಬೀಗ ಹಾಕಿ ಮನೆಗೆ ಹೋಗಿ ಊಟ ಮಾಡುತ್ತಾರೆ. ಕುರ್ಚಿ ಬಿಸಿ ಮಾಡುವುದು ಬಿಟ್ಟರೆ ಅವರಿಗೆ ಬೇರೆ ಕೆಲಸವೇನಿದೆ? ತಿಂಗಳ ಹಾಳೆಯಲ್ಲಿ "ಸ್ವಲ್ಪ ಕಿರಿಕಿರಿ" ಅಂತ ಬರೆ, ಅದೂ ಸಣ್ಣ ಅಕ್ಷರದಲ್ಲಿ.

ತೊಗಟೆ ಒಗರು ಪುಟ್ಟಿ, ಒಗರು ಇದ್ದ ಮೇಲೆ ಉರಿ ಇರುತ್ತದೆ. ಉರಿದರೆ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಇಂಥ ಹೆಂಗಸರು ಗಾಜಿನ ಬಳೆ ಒಡೆದರೂ ಆಸ್ಪತ್ರೆಗೆ ಓಡುತ್ತಾರೆ. ನಿಲ್ಲಿಸಬಾರದು ಅಂತ ಹೇಳು. ಅವಳು ನಿಲ್ಲಿಸಿದರೆ ಆಗಸ್ಟಿನಲ್ಲಿ ನಾನು ಏನನ್ನು ತೋರಿಸಲಿ, ಐವತ್ತು ಬಿಳಿ ಕೊಳವೆಗಳನ್ನಾ?

ನೀನು ನರ್ಸು, ಪಟ್ಟಿ ಕಟ್ಟುವುದು ನಿನಗೆ ಗೊತ್ತು. ಯೋಚಿಸುವ ಕೆಲಸ ನನಗೆ ಬಿಡು.

ಅಕ್ಕ

30 ಜೂನ್ 2006

ಅಕ್ಕಾ,

ಆರು ತಿಂಗಳ ರಕ್ತದ ಟ್ಯೂಬುಗಳು ಇದರಲ್ಲಿವೆ. ಫಾರಂ ಕಳಿಸಿಲ್ಲ, ನೀನು ಹೇಳಿದಂತೆ "ಸ್ವಲ್ಪ ಕಿರಿಕಿರಿ" ಅಂತ ಬರೆದೆ. ಬರೆದ ಕೈ ನನ್ನದೇ, ಅದು ನೆನಪಿದೆ.

ಮೂವತ್ತೊಂದರ ಟ್ಯೂಬನ್ನು ಮೊದಲು ನೋಡು. ಎರಡು ವಾರದ ಹಿಂದೆ ಅವಳಿಗೆ ಜ್ವರ ಬಂದಿತ್ತು, ಕತ್ತಿನಲ್ಲಿ ಗಡ್ಡೆ ಕಟ್ಟಿತ್ತು. ಬರೀ ನೆಗಡಿ ಇರಬಹುದು. ಫೋನು ಮಾಡಬೇಡ, ಬರೆದು ಕಳಿಸು.

ಪುಟ್ಟಿ

14 ಜುಲೈ 2006

ಪುಟ್ಟೀ,

ನಿನ್ನ ಮೂವತ್ತೊಂದು ನನ್ನ ಮುಖಕ್ಕೆ ಮಸಿ ಬಳಿದಳು.

ಎಚ್‌ಐವಿ ಇದೆ. ಮೂರು ಸಲ ನೋಡಿದೆ, ಮೂರು ಸಲವೂ ಅದೇ. ಹನ್ನೆರಡು ವರ್ಷದ ಕೆಲಸ ಒಂದು ಟ್ಯೂಬಿನಲ್ಲಿ ಮುಳುಗಿತು. ನೀಲಿ ಕೊಳವೆಗಳನ್ನು ನೋಡಿ ಅವಳನ್ನು ನಂಬಿದ ನಾನು ಮೂರ್ಖಳು. ಇನ್ನೆಷ್ಟು ಜನರ ಹತ್ತಿರ ಹೋಗಿದ್ದಾಳೋ, ಎಷ್ಟು ಸಲ ಜೆಲ್ ಇಲ್ಲದೆ ಹೋಗಿದ್ದಾಳೋ, ಯಾರು ಕಂಡರು? ಕಾಲು ನೆಲದ ಮೇಲೆ ನಿಲ್ಲದವಳನ್ನು ಚಿನ್ನ ಅಂತ ಬರೆದಿದ್ದೆನಲ್ಲ, ಆ ಕಾಗದ ಹರಿದು ಹಾಕು.

ಅವಳಿಗೆ ಹೇಳು, ಇದು ನನ್ನ ಔಷಧದ ತಪ್ಪಲ್ಲ, ಅವಳ ನಡತೆಯ ಫಲ. ಹೀಗೇ ಹೇಳು, ಮೆತ್ತಗೆ ಮಾಡಿ ಹೇಳಬೇಡ. ಡಬ್ಬಿ ಕಿತ್ತುಕೋ, ಸೋಪು ನಿಲ್ಲಿಸು, ಬೆಂಚಿನಿಂದ ಎಬ್ಬಿಸಿ ಕಳಿಸು. ಅಂಥವಳ ಕಣ್ಣೀರಿಗೆ ಕರಗುವ ಸ್ವಭಾವ ನಿನ್ನದು, ಕರಗಬೇಡ.

ಅಕ್ಕ

20 ಜುಲೈ 2006

ಅಕ್ಕಾ,

ಮೂವತ್ತೊಂದಕ್ಕೆ ಹೇಳಿದೆ. ನೀನು ಬರೆದದ್ದನ್ನು ಒಂದು ಅಕ್ಷರ ಬಿಡದೆ ಗಟ್ಟಿಯಾಗಿ ಓದಿದೆ. ತೂಕದ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಓದಿದವಳೂ ನಾನೇ, ಕೇಳಿದವಳೂ ನಾನೇ.

ಗುಂಡಿ ಹೊಲಿಯುವವಳು ಒಂದು ದಿನವೂ ನಿನ್ನ ಜೆಲ್ ಮುಟ್ಟಿಲ್ಲ. ಅವಳ ಡಬ್ಬಿಯನ್ನು ಫೆಬ್ರವರಿಯಿಂದ ನಾನು ಬಳಸಿದೆ. ಏಪ್ರಿಲಿನ ರಕ್ತ ಅವಳದು, ಜೂನಿನದು ನನ್ನದು. ಇಲ್ಲಿ ನೋಡಿಸಿದರೆ ನಾಳೆ ಬೆಂಚಿಗೆಲ್ಲ ಗೊತ್ತಾಗುತ್ತದೆ ಅಂತ ಅವಳ ನಂಬರು ಅಂಟಿಸಿ ನಿನಗೆ ಕಳಿಸಿದೆ. ಅವಳ ನಿಜವಾದ ಟ್ಯೂಬು ಈ ಪೆಟ್ಟಿಗೆಯಲ್ಲಿದೆ. ಅವಳ ಬಗ್ಗೆ ನೀನು ಬರೆದ ಮಾತುಗಳನ್ನು ವಾಪಸ್ಸು ತೆಗೆದುಕೋ, ಅವು ಅವಳಿಗೆ ಸಲ್ಲುವುದಿಲ್ಲ. ನನಗೂ ಸಲ್ಲುವುದಿಲ್ಲ. ನನ್ನ ಜೀವನದಲ್ಲಿ ಇದ್ದವರು ಒಬ್ಬರೇ, ನಿನ್ನ ಮರ್ಯಾದಸ್ಥ ಕನ್ನಡಕದವರು.

ಫೆಬ್ರವರಿಯಲ್ಲಿ ಬರೆದು ಕಳಿಸದೇ ಇಟ್ಟ ಕಾಗದವನ್ನೂ ಇದರಲ್ಲಿ ಹಾಕಿದ್ದೇನೆ. ಓದು, ಅದರಲ್ಲಿ ಎಲ್ಲ ಇದೆ.

ಅವರಿಗೆ ಹೇಳಿದೆ. "ಕ್ಲಿನಿಕ್ಕಲ್ಲೇ ಅಂಟಿಸ್ಕೊಂಡಿರ್ತೀಯ, ನನ್ ಮೇಲೆ ಹಾಕ್ಬೇಡ" ಅಂದು ಅಂಗಡಿಯ ಬಾಗಿಲು ತೆಗೆಯಲು ಹೋದರು. ಅವತ್ತೇ ಮನೆ ಬಿಟ್ಟೆ. ಕಾಲಿತ್ತು ಅಕ್ಕಾ, ನೀನು ಹೇಳಿದ್ದು ಸರಿ. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಟ್ರಂಕು ಇಟ್ಟುಕೊಂಡಿದ್ದೇನೆ. ಗುಂಡಿಯವಳು ಒಂದು ಹಾಸಿಗೆ ತಂದು ಕೊಟ್ಟಳು.

ನಾನು ಸಾಯುವುದಿಲ್ಲ. ಈಗ ಮಾತ್ರೆಗಳಿವೆ, ಇಂಥವರು ಕೆಲಸ ಮಾಡಿಕೊಂಡು ಬದುಕುವುದನ್ನು ದಿನಾ ನೋಡುತ್ತೇನೆ. ಬೇರೆಯವರಿಗೆ ಹೇಳುವ ಮಾತುಗಳನ್ನೆಲ್ಲ ನನಗೆ ಹೇಳಿಕೊಂಡೆ. ಆದರೂ ಎರಡು ದಿನ ಅತ್ತೆ. ಜನವರಿಯಲ್ಲಿ ನನಗೆ ಏನೂ ಇರಲಿಲ್ಲ.

ವೈರಸ್ಸಿನ ವಿಷಯ ಬಂದಾಗ ತಟ್ಟೆಯಲ್ಲಿ ಕಂಡದ್ದು ನಿನಗೆ ಸತ್ಯ. ಚರ್ಮ ಸುಲಿದಾಗ ತಟ್ಟೆ ಬೇರೆ, ಹೆಂಗಸು ಬೇರೆ. ಇದನ್ನು ಪಟ್ಟಿ ಕಟ್ಟುವವಳಿಗೆ ಅರ್ಥವಾಗುವಂತೆ ಒಂದು ಸಲ ವಿವರಿಸು. ಇನ್ನೂ ಹದಿನಾಲ್ಕು ಜನ ಇದನ್ನು ಹಾಕಿಕೊಳ್ಳುತ್ತಿದ್ದಾರೆ. ಪ್ರಯೋಗವನ್ನು ನಿಲ್ಲಿಸು. ನಿನ್ನನ್ನು ಕೇಳುತ್ತಿರುವುದು ಇದೊಂದೇ.

ಪುಟ್ಟಿ

29 ಜುಲೈ 2006

ಪುಟ್ಟೀ,

ನಾಲ್ಕು ಸಲ ಬರೆದು ಹರಿದೆ. ನನಗೆ ಹೇಳಬಾರದಿತ್ತಾ? ಒಂದು ಮಾತು ಹೇಳಿದ್ದರೆ ಅವತ್ತೇ ಬಂದು ನಿನ್ನನ್ನು ಕರೆದುಕೊಂಡು ಬರುತ್ತಿದ್ದೆ. ನಾನು ಬರೆದದ್ದು ನಿನಗಲ್ಲ, ಬೇರೆಯವರಿಗೆ. ಅಂಥ ಹೆಂಗಸರಲ್ಲಿ ನೀನು ಇರುತ್ತೀಯ ಅಂತ ನನಗೆ ಹೇಗೆ ತಿಳಿಯಬೇಕು? ಮೂರು ದಿನದಿಂದ ಪ್ರಯೋಗಾಲಯಕ್ಕೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದೇನೆ. ಆ ಕನ್ನಡಕವನ್ನು ಕಾಲಿನಲ್ಲಿ ತುಳಿದು ಒಡೆದೆ.

ಮೂವತ್ತೊಂದರ ಲಕೋಟೆಯನ್ನು ಒಡೆಸಿದೆ. ನಿನ್ನ ಡಬ್ಬಿಯಲ್ಲಿದ್ದದ್ದು ತೊಗಟೆಯ ಸಾರವೇ.

ಸಮಿತಿಯ ಮುಂದೆ ಏನಾದರೂ ಹೇಳಲೇಬೇಕಾಯಿತು. "ಸಿಬ್ಬಂದಿಯೊಬ್ಬರು ನಮಗೆ ತಿಳಿಯದಂತೆ ಡಬ್ಬಿ ತೆಗೆದು ಬಳಸಿದ್ದಾರೆ" ಎಂದೆ. ನಿನ್ನ ಹೆಸರು ಬರದಂತೆ ನೋಡಿಕೊಂಡಿದ್ದೇನೆ. ಮೂವತ್ತೊಂದನ್ನು ಪಟ್ಟಿಯಿಂದ ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತಾರೆ. ಉರಿಯ ಮಾತನ್ನು ಎತ್ತಲಿಲ್ಲ. ಒಬ್ಬಳ ಉರಿಯಿಂದ ಏನೂ ಸಾಬೀತಾಗುವುದಿಲ್ಲ, ಅದೂ ನೀನು ಲೆಕ್ಕಕ್ಕೇ ಇಲ್ಲದವಳು, ನಿಯಮದ ಪ್ರಕಾರ ಹೇಳುತ್ತಿದ್ದೇನೆ. ಹನ್ನೆರಡು ವರ್ಷ ಪುಟ್ಟಿ. ಇದು ನಿಂತರೆ ಬೇರು ಮಾರುವವನಿಗೂ ನನಗೂ ಏನು ವ್ಯತ್ಯಾಸ ಉಳಿಯುತ್ತದೆ?

ಆಗಸ್ಟಿನ ಸಭೆ ಮುಗಿಸಿಕೊಂಡು ನಿನ್ನನ್ನು ನೋಡಲು ಬರುತ್ತೇನೆ. ಅಲ್ಲಿಯವರೆಗೆ ಯಾರಿಗೂ ಏನೂ ಬರೆಯಬೇಡ.

ಅಕ್ಕ

5 ಆಗಸ್ಟ್ 2006

ಅಕ್ಕಾ,

ಇದು ಪೆಟ್ಟಿಗೆಯೊಳಗೆ ಇಡುವ ಕೊನೆಯ ಕಾಗದ. ಇದರ ಜೊತೆ ಉಳಿದ ಡಬ್ಬಿಗಳೆಲ್ಲ ಇವೆ, ಬಳಸದ ಕೊಳವೆಗಳೂ ಇವೆ. ಅವನ್ನು ನೀಲಿಯಲ್ಲಿ ಅದ್ದುವ ಶ್ರಮ ಬೇಡ, ಎಲ್ಲ ಬಿಳಿ.

ಹದಿನಾಲ್ಕು ಜನರನ್ನೂ ಕರೆಸಿ ಬೆಂಚಿನ ಮೇಲೆ ಕೂರಿಸಿದೆ. ನನಗೆ ಏನಾಗಿದೆ ಎಂದು ಮೊದಲು ಹೇಳಿದೆ, ಆಮೇಲೆ ಉರಿ ಇದೆಯಾ ಎಂದು ಕೇಳಿದೆ. ಏಳು ಜನ ಕೈ ಎತ್ತಿದರು. ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳ್ಲಿಲ್ವಲ್ಲ ಸಿಸ್ಟರ್, ಹಾಕ್ಕೊಂಡ್ರಾ ಹಾಕ್ಕೊಂಡ್ರಾ ಅಂತ ಮಾತ್ರ ಕೇಳ್ತಿದ್ರಿ" ಅಂದರು. ಐವತ್ತು ಜನ ಬಚ್ಚಲಿಗೆ ಸುರಿದರು ಅಂತ ನೀನು ಉಗಿದೆಯಲ್ಲ, ಅವರನ್ನೂ ಕೇಳಿದೆ; ಹತ್ತು ಜನ ಮೊದಲ ವಾರವೇ ಬೆರಳಲ್ಲಿ ಸ್ವಲ್ಪ ಹಚ್ಚಿ ನೋಡಿ, ಉರಿದದ್ದಕ್ಕೇ ಸುರಿದವರು. ನಿನ್ನ ನೀಲಿ ಬಣ್ಣಕ್ಕಿಂತ ಅವರಿಗೆ ಹೆಚ್ಚು ಬುದ್ಧಿ ಇತ್ತು. ಉರಿಯುತ್ತಿದ್ದರೂ ನಂಬಿಕೊಂಡು ಕೂತ ಪೆದ್ದಿ ನಾನು, ಯಾಕೆಂದರೆ ಮಾಡಿದವಳು ನನ್ನಕ್ಕ.

ಅವತ್ತು ಅಮ್ಮ ಬಂದು ಕೇಳಿದಾಗ ನೀನು "ಅವಳೇ ಕದ್ದು ಕುಡಿದ್ಳು" ಅಂದೆ. ಮೂವತ್ತು ವರ್ಷ ಆಯಿತು, ಸಮಿತಿಯ ಮುಂದೆಯೂ ನಿನಗೆ ಬೇರೆ ಮಾತು ಸಿಗಲಿಲ್ಲ. ನಾನು ನಿಯಮ ಮುರಿದದ್ದು ನಿಜ, ಸುಳ್ಳು ಹಾಳೆ ಬರೆದದ್ದೂ ನಿಜ. ಅದನ್ನು ನನ್ನ ಹೆಸರು ಹಾಕಿಯೇ ಸಮಿತಿಗೆ ಬರೆದಿದ್ದೇನೆ. ಏಳು ಉರಿಯ ಫಾರಂಗಳು, ನಾನು ತುಂಬದೇ ಬಿಟ್ಟ ಎಂಟನೆಯದು, ನಿನ್ನ ಏಪ್ರಿಲಿನ ಕಾಗದ, ಮೇ ತಿಂಗಳ ಕಾಗದ, ಎಲ್ಲವೂ ನಿನ್ನೆ ಬೆಳಗಿನ ಅಂಚೆಯಲ್ಲಿ ಹೋದವು. ಮುದುಕರ ಚೀಟಿ ಯಾವ ಡ್ರಾಯರಿನಲ್ಲಿದೆ ಎಂದೂ ತಿಳಿಸಿದ್ದೇನೆ. ಚಿನ್ನ ಅಂತ ಬರೆದ ಕಾಗದ ಹರಿದು ಹಾಕು ಅಂದಿದ್ದೆಯಲ್ಲ, ನಾನು ಹರಿಯಲಿಲ್ಲ.

ಬೇರು ಮಾರುವವನಿಗೂ ನಿನಗೂ ಏನು ವ್ಯತ್ಯಾಸ ಎಂದು ಕೇಳಿದ್ದೀಯ. ಅವನ ಪುಡಿಯಲ್ಲಿ ಸಕ್ಕರೆ ಇತ್ತು.

ಬರುವುದಾದರೆ ಬಾ. ಸಭೆ ಮುಗಿಸಿಕೊಂಡು ಬರುವುದಾದರೆ ಬೇಡ. ಬಂದರೆ ಹೊರಗಿನ ಬೆಂಚಿನ ಮೇಲೆ ಎಲ್ಲರ ಸಾಲಿನಲ್ಲಿ ಕೂರಬೇಕು. "ಇದು ಕೆಲ್ಸ ಮಾಡುತ್ತಾ?" ಅಂತ ಅವರು ಕೇಳುತ್ತಾರೆ, ನೀನೇ ಬಾಯಿ ಬಿಟ್ಟು ಇಲ್ಲ ಅನ್ನಬೇಕು.

ಅವತ್ತು ಅಮ್ಮನ ಮುಂದೆ ನಾನು ಸುಮ್ಮನಿದ್ದದ್ದು ನಿನ್ನ ಮೇಲಿನ ಪ್ರೀತಿಗೆ ಅಂತ ಇಷ್ಟು ವರ್ಷ ತಿಳಿದಿದ್ದೆಯೇನೋ. ಹಾಗೇನಿಲ್ಲ. ತುಟಿ ಊದಿಕೊಂಡಿತ್ತು, ಮಾತು ಹೊರಡಲಿಲ್ಲ. ಈ ಸಲ ನನ್ನ ತುಟಿಗೆ ಏನೂ ಆಗಿಲ್ಲ.

ಪುಟ್ಟಿ